ಡೇವಿಡ್ ಟ್ಯೂಡರ್

ಡೇವಿಡ್ ಯೂಜೀನ್ ಟ್ಯೂಡರ್ (ಜನವರಿ 20, 1926 – ಆಗಸ್ಟ್ 13, 1996) ಅಮೆರಿಕದ ಪಿಯಾನೋ ವಾದಕರು ಹಾಗೂ ವಿದ್ಯುನ್ಮಾನ ಸಂಗೀತದ ರಚನಕಾರರು. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ದೇಶಗಳಲ್ಲಿ ರಚಿತವಾದ ಅನೇಕ ಪ್ರಾಯೋಗಿಕ ಪಿಯಾನೋ ಕೃತಿಗಳನ್ನು ಮೊದಲ ಬಾರಿಗೆ ನುಡಿಸಿದವರು ಇವರು. ವಾದಕರಾಗಿ ಖ್ಯಾತಿಯ ಶಿಖರದಲ್ಲಿದ್ದಾಗಲೇ ಪಿಯಾನೋದಿಂದ ಕ್ರಮೇಣ ದೂರವಾಗಿ, ತಾವೇ ಜೋಡಿಸಿದ ವಿದ್ಯುನ್ಮಂಡಲಗಳನ್ನು ವಾದ್ಯಗಳನ್ನಾಗಿ ಬಳಸತೊಡಗಿದರು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಭಾರತದ ಮೊದಲ ವಿದ್ಯುನ್ಮಾನ ಸಂಗೀತ ಸ್ಟುಡಿಯೋವನ್ನು ಅಣಿಗೊಳಿಸಿದರು. 1973ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಚೊಕೋರುವಾ ಎಂಬಲ್ಲಿ ಇವರು ನಡೆಸಿದ ಕಾರ್ಯಾಗಾರವು ವಿದ್ಯುನ್ಮಾನ ಸಂಗೀತದ ಸಾಮೂಹಿಕ ಕಲಿಕೆಯ ಇತಿಹಾಸದಲ್ಲಿ ಮುಖ್ಯ ಘಟನೆಯೆಂದು ಪರಿಗಣಿತವಾಗಿದೆ.

ಜನನ ಮತ್ತು ಶಿಕ್ಷಣ

ಟ್ಯೂಡರ್ ಅವರು ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಅವರು ಮೊದಲು ಆಳವಾಗಿ ಅಭ್ಯಾಸ ಮಾಡಿದ ವಾದ್ಯ ಆರ್ಗನ್. ಹದಿಹರೆಯದಲ್ಲಿಯೇ ಫಿಲಡೆಲ್ಫಿಯಾದ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿಯೂ, ಬಳಿಕ ಸ್ವಾರ್ತ್‌ಮೋರ್‌ನ ಟ್ರಿನಿಟಿ ಚರ್ಚಿನಲ್ಲಿಯೂ ಆರ್ಗನ್ ವಾದಕರಾಗಿ ಸೇವೆ ಸಲ್ಲಿಸಿದರು. ಅನೇಕ ಕೊಳವೆಗಳ ಸ್ವರಗುಣಗಳನ್ನು ಬೇಕಾದಂತೆ ಬೆರೆಸಿ ಹೊಸ ನಾದವನ್ನು ಪಡೆಯಬಹುದಾದ ವಾದ್ಯ ಆರ್ಗನ್. ಟ್ಯೂಡರ್ ಮುಂದೆ ಕೈಗೊಂಡ ಧ್ವನಿ ಸಂಶ್ಲೇಷಣೆಯ ಕೆಲಸಕ್ಕೂ ಈ ಅಭ್ಯಾಸಕ್ಕೂ ಸಂಬಂಧವನ್ನು ಕಾಣಬಹುದು.

ಇರ್ಮಾ ವೋಲ್ಪೆ ಅವರಲ್ಲಿ ಪಿಯಾನೋವನ್ನೂ, ಅವರ ಪತಿ ಸ್ಟೆಫಾನ್ ವೋಲ್ಪೆ ಅವರಲ್ಲಿ ಸಂಗೀತ ರಚನೆಯನ್ನೂ ಟ್ಯೂಡರ್ ಕಲಿತರು. ಜರ್ಮನಿಯಿಂದ ನಿರಾಶ್ರಿತರಾಗಿ ಹೊರಟುಬಂದಿದ್ದ ಸ್ಟೆಫಾನ್ ವೋಲ್ಪೆ ಅವರ ಮೂಲಕ ಯುರೋಪಿನ ನವ್ಯ ಸಂಗೀತದ ಪರಿಚಯ ಅವರಿಗೆ ದೊರೆಯಿತು.

ಪಿಯಾನೋ ವಾದಕರಾಗಿ

1950ರ ಡಿಸೆಂಬರ್‌ನಲ್ಲಿ ಟ್ಯೂಡರ್ ಅವರು ಫ್ರೆಂಚ್ ರಚನಕಾರ ಪಿಯರ್ ಬೂಲೆಜ್ ಅವರ ಎರಡನೆಯ ಪಿಯಾನೋ ಸೊನಾಟಾವನ್ನು ನ್ಯೂಯಾರ್ಕಿನಲ್ಲಿ ನುಡಿಸಿದರು. ಅತ್ಯಂತ ಕಠಿಣವೆಂದು ಹೆಸರಾದ ಆ ಕೃತಿಯ ಅಮೆರಿಕದ ಮೊದಲ ಪ್ರದರ್ಶನ ಅದು. ಕೃತಿಯ ಹಿನ್ನೆಲೆಯನ್ನು ಅರಿಯಲು ಅವರು ಫ್ರೆಂಚ್ ಭಾಷೆಯನ್ನು ಕಲಿತು, ಅಂತೋನಿನ್ ಆರ್ತೋ ಅವರ ಬರಹಗಳನ್ನು ಓದಿದರು. ಈ ಪ್ರದರ್ಶನದಿಂದ ಅವರ ಹೆಸರು ಹೊಸ ಸಂಗೀತದ ವಲಯದಲ್ಲಿ ಹರಡಿತು.

ರಚನಕಾರ ಜಾನ್ ಕೇಜ್ ಅವರೊಡನೆ ಟ್ಯೂಡರ್ ಅವರ ಒಡನಾಟ ಬಹುದೀರ್ಘವಾದುದು. ಕೇಜ್ ಅವರ ‘ಮ್ಯೂಸಿಕ್ ಆಫ್ ಚೇಂಜಸ್’ ಕೃತಿಯನ್ನು ಮೊದಲು ನುಡಿಸಿದವರು ಟ್ಯೂಡರ್. 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿರುವ ಮ್ಯಾವರಿಕ್ ಸಭಾಂಗಣದಲ್ಲಿ ಕೇಜ್ ಅವರ ‘4 ನಿಮಿಷ 33 ಸೆಕೆಂಡ್’ ಕೃತಿಯ ಮೊದಲ ಪ್ರದರ್ಶನವನ್ನೂ ಅವರೇ ನೀಡಿದರು. ಈ ಕೃತಿಯಲ್ಲಿ ವಾದಕನು ಒಂದು ಸ್ವರವನ್ನೂ ನುಡಿಸುವುದಿಲ್ಲ. ಟ್ಯೂಡರ್ ಗಡಿಯಾರವನ್ನು ನೋಡುತ್ತ ಪಿಯಾನೋದ ಮುಚ್ಚಳವನ್ನು ಮುಚ್ಚಿ ತೆರೆಯುವ ಮೂಲಕ ಮೂರು ಭಾಗಗಳನ್ನು ಸೂಚಿಸಿದರು. ಆ ಅವಧಿಯಲ್ಲಿ ಸಭಾಂಗಣದ ಒಳಹೊರಗೆ ಕೇಳಿಬಂದ ಸದ್ದುಗಳೇ ಸಂಗೀತವಾದವು.

ಮರ್ಸ್ ಕನಿಂಗ್‌ಹ್ಯಾಮ್ ಅವರ ನೃತ್ಯ ತಂಡದೊಡನೆ ಟ್ಯೂಡರ್ 1953ರಲ್ಲಿ ಅದರ ಆರಂಭದಿಂದಲೂ ಸಂಗೀತಗಾರರಾಗಿದ್ದರು. ಉತ್ತರ ಕರೋಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಹಾಗೂ 1956ರಿಂದ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಬೇಸಿಗೆ ಶಿಬಿರಗಳಲ್ಲಿ ಬೋಧಿಸಿದರು. ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್, ಸಿಲ್ವಾನೋ ಬುಸೊಟ್ಟಿ ಮೊದಲಾದವರು ಟ್ಯೂಡರ್ ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೃತಿಗಳನ್ನು ರಚಿಸಿದರು.

ಪಿಯಾನೋದಿಂದ ವಿದ್ಯುನ್ಮಾನಕ್ಕೆ

ಕೇಜ್ ಅವರ ಅನೇಕ ಕೃತಿಗಳಲ್ಲಿ ಸ್ವರಗಳನ್ನು ನೇರವಾಗಿ ಬರೆದಿರುತ್ತಿರಲಿಲ್ಲ. ಗೆರೆಗಳು ಮತ್ತು ಚುಕ್ಕೆಗಳಿದ್ದ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಅವುಗಳ ನಡುವಣ ಅಂತರವನ್ನು ಅಳೆದು, ಏನನ್ನು ನುಡಿಸಬೇಕೆಂದು ವಾದಕನೇ ಕಂಡುಕೊಳ್ಳಬೇಕಿತ್ತು. 1961ರ ‘ವೇರಿಯೇಷನ್ಸ್ 2’ ಕೃತಿಯನ್ನು ನುಡಿಸುವಾಗ ಟ್ಯೂಡರ್ ಪಿಯಾನೋದ ಒಡಲಿಗೂ ತಂತಿಗಳಿಗೂ ಸಂಪರ್ಕ ಮೈಕ್ರೋಫೋನುಗಳನ್ನೂ ಗ್ರಾಮಫೋನ್ ಮುಳ್ಳಿನ ಘಟಕಗಳನ್ನೂ ಅಳವಡಿಸಿದರು. ಧ್ವನಿವರ್ಧಕದ ಮೂಲಕ ಹೊರಬಂದ ನಾದವು ಅದೇ ಪಿಯಾನೋವನ್ನು ಮತ್ತೆ ಕಂಪಿಸುವಂತೆ ಮಾಡಿತು. ಇಂತಹ ವ್ಯವಸ್ಥೆಯನ್ನು ವಾದಕನು ಸಂಪೂರ್ಣವಾಗಿ ಹತೋಟಿಯಲ್ಲಿ ಇಡಲಾರ. ಅದರ ಪ್ರತಿಕ್ರಿಯೆಯನ್ನು ಕೇಳಿಸಿಕೊಂಡು ಮುಂದಿನ ಹೆಜ್ಜೆಯನ್ನು ನಿರ್ಧರಿಸಬೇಕಾಗುತ್ತದೆ. ಟ್ಯೂಡರ್ ಅವರ ಮುಂದಿನ ಕೆಲಸಗಳಿಗೆಲ್ಲ ಈ ಅನುಭವವೇ ಬುನಾದಿಯಾಯಿತು.

1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ‘ನೈನ್ ಈವ್ನಿಂಗ್ಸ್’ ಕಾರ್ಯಕ್ರಮದಲ್ಲಿ ಕಲಾವಿದರೂ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳೂ ಒಟ್ಟಾಗಿ ದುಡಿದರು. ಅಲ್ಲಿ ಟ್ಯೂಡರ್ ‘ಬಾಂಡೋನಿಯೋನ್!’ ಎಂಬ ತಮ್ಮ ಕೃತಿಯನ್ನು ಪ್ರದರ್ಶಿಸಿದರು. ಬಾಂಡೋನಿಯೋನ್ ಎರಡೂ ಕೈಗಳಿಂದ ಹಿಗ್ಗಿಸಿ ಕುಗ್ಗಿಸಿ ನುಡಿಸುವ ತಿದಿವಾದ್ಯ. ಅದರ ನಾದವು ವಿದ್ಯುನ್ಮಂಡಲಗಳ ಮೂಲಕ ಹಾದು ಧ್ವನಿವರ್ಧಕಗಳನ್ನೂ ದೀಪಗಳನ್ನೂ ಚಿತ್ರಗಳನ್ನೂ ನಿಯಂತ್ರಿಸಿತು. ಇದಾದ ಮೇಲೆ ಅವರು ಮುಖ್ಯವಾಗಿ ರಚನಕಾರರಾಗಿಯೇ ಗುರುತಿಸಲ್ಪಟ್ಟರು.

ಅಹಮದಾಬಾದಿನ ಸ್ಟುಡಿಯೋ

ಟ್ಯೂಡರ್ ಅವರನ್ನು ಭಾರತಕ್ಕೆ ಕರೆತಂದದ್ದು ಸಾರಾಭಾಯಿ ಕುಟುಂಬದ ಸ್ನೇಹ. ಗೀತಾ ಸಾರಾಭಾಯಿ ಅವರು 1946ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತು, ಪ್ರತಿಯಾಗಿ ಅವರಿಗೆ ಭಾರತೀಯ ಸಂಗೀತದ ತತ್ವಗಳನ್ನು ತಿಳಿಸಿಕೊಟ್ಟಿದ್ದರು. 1964ರ ವಿಶ್ವ ಪ್ರವಾಸದಲ್ಲಿ ಕನಿಂಗ್‌ಹ್ಯಾಮ್ ತಂಡವು ಅಹಮದಾಬಾದಿಗೂ ಬಂದಿತ್ತು. ಗೀತಾ ಅವರ ಸೋದರ ಗೌತಮ್ ಮತ್ತು ಸೋದರಿ ಗೀರಾ ಸಾರಾಭಾಯಿ ಅವರು 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು.

1969ರಲ್ಲಿ ಟ್ಯೂಡರ್ ಈ ಸಂಸ್ಥೆಗೆ ಬಂದು, ಅಮೆರಿಕದಿಂದ ತರಿಸಿದ ಮೂಗ್ ಸಿಂಥಸೈಜರ್ ಹಾಗೂ ಧ್ವನಿಮುದ್ರಣ ಯಂತ್ರಗಳನ್ನು ಒಳಗೊಂಡ ಸ್ಟುಡಿಯೋವನ್ನು ಸಿದ್ಧಪಡಿಸಿದರು. ಮೂಗ್ ಸಿಂಥಸೈಜರ್ ಹಲವು ಬಿಡಿ ಘಟಕಗಳ ಜೋಡಣೆ. ಆಸಿಲೇಟರ್ ಎಂಬ ಘಟಕವು ಮೂಲ ನಾದವನ್ನು ಹುಟ್ಟಿಸುತ್ತದೆ. ಫಿಲ್ಟರ್ ಅದರ ಕೆಲವು ಅಂಶಗಳನ್ನು ತಡೆದು ಸ್ವರಗುಣವನ್ನು ಬದಲಿಸುತ್ತದೆ. ಆಂಪ್ಲಿಫೈಯರ್ ಅದರ ಏರಿಳಿತವನ್ನು ನಿರ್ಧರಿಸುತ್ತದೆ. ಈ ಘಟಕಗಳನ್ನು ವೈರುಗಳಿಂದ ಒಂದಕ್ಕೊಂದು ಜೋಡಿಸಬೇಕು. ಜೋಡಣೆ ಬದಲಾದರೆ ನಾದವೂ ಬದಲಾಗುತ್ತದೆ. ಸ್ವರಲಿಪಿಯನ್ನು ಬಲ್ಲವರಿಗೂ ಅರಿಯದವರಿಗೂ ಈ ಯಂತ್ರವು ಸಮಾನವಾಗಿ ಹೊಸದಾಗಿತ್ತು.

ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ ಮತ್ತು ಜಿನರಾಜ್ ಜೋಶಿಪುರ ಅವರು ಈ ಸ್ಟುಡಿಯೋದಲ್ಲಿ ಕೃತಿಗಳನ್ನು ರಚಿಸಿದರು. ಇವರಲ್ಲಿ ಜೋಶಿಪುರ ಆಗ ವಾಸ್ತುಶಿಲ್ಪದ ವಿದ್ಯಾರ್ಥಿ. ಶಾಸ್ತ್ರೀಯ ಸಂಗೀತದ ಪರಿಶ್ರಮವಿದ್ದವರೂ ಇಲ್ಲದವರೂ ಒಂದೇ ಯಂತ್ರದ ಮುಂದೆ ಕುಳಿತು ಕಲಿತದ್ದು ಈ ಸ್ಟುಡಿಯೋದ ವಿಶೇಷ. ಆದರೆ ಅಂದಿನ ಭಾರತದಲ್ಲಿ ಇಂತಹ ಯಂತ್ರವನ್ನು ವಿದೇಶದಿಂದ ತರಿಸಿಕೊಳ್ಳುವುದು ಸಾಮಾನ್ಯರ ಅಳವಿಗೆ ಮೀರಿದ ಮಾತು. ಕಲಿಕೆಯು ಒಂದು ಕಟ್ಟಡ ಮತ್ತು ಒಂದು ಉಪಕರಣಕ್ಕೆ ಅಂಟಿಕೊಂಡೇ ಉಳಿಯಿತು. 1970ರ ದಶಕದ ಆರಂಭದ ಕೆಲವು ವರ್ಷಗಳ ಬಳಿಕ ಸ್ಟುಡಿಯೋದ ಚಟುವಟಿಕೆ ನಿಂತುಹೋಯಿತು. ಅಲ್ಲಿನ ಧ್ವನಿಸುರುಳಿಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿಯೇ ಉಳಿದವು. ಅವುಗಳನ್ನು ಬೆಳಕಿಗೆ ತಂದವರು ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್. ಆಯ್ದ ಕೃತಿಗಳ ಸಂಕಲನವು ‘ದಿ ಎನ್‌ಐಡಿ ಟೇಪ್ಸ್’ ಎಂಬ ಹೆಸರಿನಲ್ಲಿ 2023ರಲ್ಲಿ ಪ್ರಕಟವಾಯಿತು.

‘ರೇನ್‌ಫಾರೆಸ್ಟ್’ ಮತ್ತು ಚೊಕೋರುವಾ ಕಾರ್ಯಾಗಾರ

‘ರೇನ್‌ಫಾರೆಸ್ಟ್’ ಟ್ಯೂಡರ್ ಅವರ ಅತ್ಯಂತ ಪ್ರಸಿದ್ಧ ಕೃತಿ. 1968ರಲ್ಲಿ ಕನಿಂಗ್‌ಹ್ಯಾಮ್ ಅವರ ಇದೇ ಹೆಸರಿನ ನೃತ್ಯಕ್ಕಾಗಿ ಇದರ ಮೊದಲ ರೂಪ ಸಿದ್ಧವಾಯಿತು. ಧ್ವನಿವರ್ಧಕವು ಕೇವಲ ನಾದವನ್ನು ಹೊರಹಾಕುವ ಪೆಟ್ಟಿಗೆಯಾಗಿರದೆ, ತನ್ನದೇ ಗುಣವುಳ್ಳ ವಾದ್ಯವಾಗಬೇಕೆಂಬುದು ಕೃತಿಯ ಮೂಲ ಕಲ್ಪನೆ. ಇದಕ್ಕಾಗಿ ಟ್ರಾನ್ಸ್‌ಡ್ಯೂಸರ್ ಎಂಬ ಸಾಧನವನ್ನು ಬಳಸಲಾಗುತ್ತದೆ. ಅದು ವಿದ್ಯುತ್ ಸಂಕೇತವನ್ನು ಕಂಪನವನ್ನಾಗಿ ಮಾರ್ಪಡಿಸಿ, ತನಗೆ ತಗುಲಿಸಿದ ವಸ್ತುವನ್ನು ನಡುಗಿಸುತ್ತದೆ. ಲೋಹದ ಪೀಪಾಯಿ, ಗಾಜಿನ ಹಾಳೆ, ಮರದ ಹಲಗೆ ಹೀಗೆ ಯಾವ ವಸ್ತುವಾದರೂ ಆದೀತು. ತಂಬೂರಿಯ ಬುರುಡೆಯು ತಂತಿಯ ನಾದಕ್ಕೆ ತನ್ನ ಗುಣವನ್ನು ಸೇರಿಸುವಂತೆ ಪ್ರತಿಯೊಂದು ವಸ್ತುವೂ ತನ್ನೊಳಗೆ ಹಾಯ್ದ ಸಂಕೇತದಲ್ಲಿ ಕೆಲವು ಸ್ವರಗಳನ್ನು ಎತ್ತಿಹಿಡಿದು ಉಳಿದವನ್ನು ಅಡಗಿಸುತ್ತದೆ. ಆ ವಸ್ತುವಿಗೆ ಅಂಟಿಸಿದ ಸಂಪರ್ಕ ಮೈಕ್ರೋಫೋನು ಹೀಗೆ ಮಾರ್ಪಟ್ಟ ನಾದವನ್ನು ಸಂಗ್ರಹಿಸಿ ಸಾಮಾನ್ಯ ಧ್ವನಿವರ್ಧಕಗಳಿಗೆ ಕಳುಹಿಸುತ್ತದೆ.

1973ರ ಬೇಸಿಗೆಯಲ್ಲಿ ಚೊಕೋರುವಾದಲ್ಲಿ ಯುವ ಕಲಾವಿದರಿಗಾಗಿ ಹೊಸ ಸಂಗೀತದ ಶಿಬಿರವೊಂದು ನಡೆಯಿತು. ಅಲ್ಲಿ ಟ್ಯೂಡರ್ ತಮ್ಮ ಕೃತಿಯ ತತ್ವವನ್ನು ವಿವರಿಸಿ, ವಸ್ತುಗಳ ಆಯ್ಕೆಯನ್ನು ಕಲಿಯುವವರಿಗೇ ಬಿಟ್ಟರು. ಪ್ರತಿಯೊಬ್ಬರೂ ವಸ್ತುಗಳನ್ನು ಹುಡುಕಿ ತಂದು, ಅವು ಯಾವ ಸದ್ದಿಗೆ ಹೇಗೆ ಸ್ಪಂದಿಸುತ್ತವೆಂದು ಪರೀಕ್ಷಿಸಿ, ತಮ್ಮದೇ ಆದ ನಾದಶಿಲ್ಪಗಳನ್ನು ರೂಪಿಸಿದರು. ಸಿದ್ಧವಾದ ಶಿಲ್ಪಗಳನ್ನು ಕಣಜದ ಕಟ್ಟಡವೊಂದರಲ್ಲಿ ತೂಗುಹಾಕಿ ‘ರೇನ್‌ಫಾರೆಸ್ಟ್ 4’ ಎಂಬ ಹೆಸರಿನಿಂದ ಪ್ರದರ್ಶಿಸಲಾಯಿತು. ಶ್ರೋತೃಗಳು ಒಂದೆಡೆ ಕುಳಿತಿರದೆ ಶಿಲ್ಪಗಳ ನಡುವೆ ಓಡಾಡುತ್ತ, ಬೇಕೆನಿಸಿದಲ್ಲಿ ಕಿವಿಗೊಟ್ಟು ಆಲಿಸಿದರು.

ಈ ಕಾರ್ಯಾಗಾರದಿಂದ ‘ಕಂಪೋಸರ್ಸ್ ಇನ್‌ಸೈಡ್ ಎಲೆಕ್ಟ್ರಾನಿಕ್ಸ್’ ಎಂಬ ಸಮೂಹ ಹುಟ್ಟಿತು. ಜಾನ್ ಡ್ರಿಸ್ಕಾಲ್, ಫಿಲ್ ಎಡೆಲ್‌ಸ್ಟೈನ್, ಲಿಂಡಾ ಫಿಶರ್, ರಾಲ್ಫ್ ಜೋನ್ಸ್, ಮಾರ್ಟಿನ್ ಕಾಲ್ವೆ ಹಾಗೂ ಮುಂದೆ ವಿಡಿಯೋ ಕಲಾವಿದರಾಗಿ ಜಗತ್ಪ್ರಸಿದ್ಧರಾದ ಬಿಲ್ ವಿಯೋಲಾ ಇದರೊಡನೆ ದುಡಿದವರಲ್ಲಿ ಕೆಲವರು. ಒಬ್ಬ ರಚನಕಾರನ ಕೃತಿಯು ಅನೇಕರ ಕೃತಿಯಾಗಿ ಬೆಳೆದದ್ದು ಹೀಗೆ.

ಬೋಧನೆಯ ರೀತಿ

ಟ್ಯೂಡರ್ ಅವರು ಮಿತಭಾಷಿಗಳು. ತಮ್ಮ ಸಂಗೀತವನ್ನು ಕುರಿತು ಅವರು ಬರೆದದ್ದು ಅತ್ಯಲ್ಪ. ಅವರ ಅನೇಕ ಕೃತಿಗಳಿಗೆ ಸ್ವರಲಿಪಿ ಇಲ್ಲ. ಅದರ ಸ್ಥಾನದಲ್ಲಿ ಉಪಕರಣಗಳ ಜೋಡಣೆಯನ್ನು ತೋರಿಸುವ ರೇಖಾಚಿತ್ರಗಳಿವೆ. ಇವುಗಳನ್ನು ನೋಡಿದ ಮಾತ್ರಕ್ಕೆ ಕೃತಿಯನ್ನು ನುಡಿಸಲಾಗದು. ಬಲ್ಲವರ ಜೊತೆ ಕುಳಿತು, ವೈರುಗಳನ್ನು ಜೋಡಿಸಿ, ಆಲಿಸಿಯೇ ಕಲಿಯಬೇಕು. ಸಿದ್ಧ ಉಪಕರಣವನ್ನು ಕೊಳ್ಳುವುದಕ್ಕಿಂತ ತಾನೇ ಕಟ್ಟಿದ ಸರಳ ಮಂಡಲದ ಸ್ವಭಾವವನ್ನು ಅರಿಯುವುದು ಈ ಕಲಿಕೆಯಲ್ಲಿ ಮುಖ್ಯ.

ಇಂತಹ ವಿದ್ಯೆಗೆ ಒಂದು ಅಪಾಯವೂ ಉಂಟು. ಕಲಿತವರು ಚದುರಿದರೆ ಲಿಖಿತ ದಾಖಲೆಯಿಲ್ಲದ ಜ್ಞಾನವು ಅವರೊಡನೆಯೇ ಮರೆಯಾಗಬಹುದು. ಟ್ಯೂಡರ್ ಅವರ ಹಲವು ಕೃತಿಗಳನ್ನು ಮತ್ತೆ ಪ್ರದರ್ಶಿಸುವುದು ಇಂದು ಕಷ್ಟಸಾಧ್ಯವಾಗಿದೆ. ‘ರೇನ್‌ಫಾರೆಸ್ಟ್’ ಮಾತ್ರ ದಶಕಗಳನ್ನು ದಾಟಿ ಬಂದಿದೆ. ಅದನ್ನು ಒಟ್ಟಾಗಿ ಕಲಿತವರು ಮುಂದಿನವರಿಗೆ ಕಲಿಸುತ್ತ ಬಂದದ್ದು ಇದಕ್ಕೆ ಕಾರಣ.

ಇತರ ಕೃತಿಗಳು ಮತ್ತು ಕೊನೆಯ ವರ್ಷಗಳು

1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ವಿಶ್ವ ಮೇಳದ ಪೆಪ್ಸಿ ಮಂಟಪದ ಧ್ವನಿ ವ್ಯವಸ್ಥೆಯನ್ನು ರೂಪಿಸುವುದರಲ್ಲಿ ಟ್ಯೂಡರ್ ಪಾಲ್ಗೊಂಡರು. 1972ರ ‘ಅನ್‌ಟೈಟಲ್ಡ್’ ಕೃತಿಯಲ್ಲಿ ಹೊರಗಿನ ಯಾವ ನಾದಮೂಲವೂ ಇಲ್ಲ. ಉಪಕರಣಗಳ ಹೊರಹರಿವನ್ನು ಅವುಗಳ ಒಳಹರಿವಿಗೇ ಮರಳಿಸಿದಾಗ ಮಂಡಲವು ತಾನಾಗಿಯೇ ನಾದವನ್ನು ಹೊಮ್ಮಿಸುತ್ತದೆ. ‘ಟೋನ್‌ಬರ್ಸ್ಟ್’ ಮತ್ತು ‘ಪಲ್ಸರ್ಸ್’ ಇದೇ ದಶಕದ ಇತರ ಮುಖ್ಯ ಕೃತಿಗಳು. 1990ರ ದಶಕದಲ್ಲಿ ಫಾರೆಸ್ಟ್ ವಾರ್ಥ್‌ಮನ್ ಮೊದಲಾದ ತಂತ್ರಜ್ಞರ ನೆರವಿನಿಂದ, ಇಂಟೆಲ್ ಕಂಪನಿಯ ನರಜಾಲ ಮಾದರಿಯ ಚಿಪ್ ಬಳಸಿ ಸಿಂಥಸೈಜರ್ ಒಂದನ್ನು ನಿರ್ಮಿಸಲಾಯಿತು. ‘ನ್ಯೂರಲ್ ಸಿಂಥೆಸಿಸ್’ ಸರಣಿಯ ಕೃತಿಗಳು ಇದರಿಂದ ಮೂಡಿಬಂದವು.

1992ರಲ್ಲಿ ಕೇಜ್ ನಿಧನರಾದ ನಂತರ ಟ್ಯೂಡರ್ ಕನಿಂಗ್‌ಹ್ಯಾಮ್ ತಂಡದ ಸಂಗೀತ ನಿರ್ದೇಶಕರಾದರು. 1994ರಲ್ಲಿ ‘ಓಷನ್’ ನೃತ್ಯಕ್ಕಾಗಿ ‘ಸೌಂಡಿಂಗ್ಸ್: ಓಷನ್ ಡೈರಿ’ ಕೃತಿಯನ್ನು ಸಿದ್ಧಪಡಿಸಿದರು. ಕೊನೆಯ ವರ್ಷಗಳಲ್ಲಿ ಅವರ ಆರೋಗ್ಯ ಕುಂದಿತು. 1996ರ ಆಗಸ್ಟ್ 13ರಂದು ನ್ಯೂಯಾರ್ಕ್ ರಾಜ್ಯದ ಟಾಮ್‌ಕಿನ್ಸ್ ಕೋವ್‌ನಲ್ಲಿ, ತಮ್ಮ 70ನೆಯ ವಯಸ್ಸಿನಲ್ಲಿ ನಿಧನರಾದರು.

ಪರಂಪರೆ

ಟ್ಯೂಡರ್ ಅವರ ಕಾಗದಪತ್ರಗಳನ್ನು ಲಾಸ್ ಏಂಜಲೀಸ್ ನಗರದ ಗೆಟ್ಟಿ ಸಂಶೋಧನಾ ಸಂಸ್ಥೆಯಲ್ಲಿಯೂ, ಅವರ ವಿದ್ಯುನ್ಮಾನ ಉಪಕರಣಗಳನ್ನು ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿಯೂ ಸಂರಕ್ಷಿಸಲಾಗಿದೆ. ಯೂ ನಕಾಯ್ ಅವರು ಈ ಉಪಕರಣಗಳನ್ನೂ ರೇಖಾಚಿತ್ರಗಳನ್ನೂ ಅಧ್ಯಯನ ಮಾಡಿ ಬರೆದ ವಿಸ್ತೃತ ಗ್ರಂಥವು 2021ರಲ್ಲಿ ಪ್ರಕಟವಾಯಿತು. ಚೊಕೋರುವಾ ಕಾರ್ಯಾಗಾರದಿಂದ ಹುಟ್ಟಿದ ಸಮೂಹವು ಟ್ಯೂಡರ್ ಅವರ ನಂತರ ಅದೇ ತತ್ವದ ಮೇಲೆ ‘ರೇನ್‌ಫಾರೆಸ್ಟ್ 5’ ಎಂಬ ರೂಪವನ್ನು ಸಿದ್ಧಪಡಿಸಿತು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಇದರ ಒಂದು ಆವೃತ್ತಿಯನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡು, 2019ರಲ್ಲಿ ಸಾರ್ವಜನಿಕರ ವೀಕ್ಷಣೆಗೆ ಇರಿಸಿತು.

ಪ್ರಮುಖ ಕೃತಿಗಳು

ಬಾಂಡೋನಿಯೋನ್! (1966)
ರೇನ್‌ಫಾರೆಸ್ಟ್ (1968)
ಮೈಕ್ರೋಫೋನ್ (1970)
ಅನ್‌ಟೈಟಲ್ಡ್ (1972)
ರೇನ್‌ಫಾರೆಸ್ಟ್ 4 (1973)
ಟೋನ್‌ಬರ್ಸ್ಟ್ (1975)
ಪಲ್ಸರ್ಸ್ (1976)
ನ್ಯೂರಲ್ ಸಿಂಥೆಸಿಸ್ (1992–94)
ಸೌಂಡಿಂಗ್ಸ್: ಓಷನ್ ಡೈರಿ (1994)