ಬ್ಯಾಬೇಜ್ ಯಂತ್ರ ನಿಜಕ್ಕೂ ಸೋತಿತ್ತೇ? ಲೆಕ್ಕದ ತಂತ್ರಾಂಶ ನಂಬುವ ಮುನ್ನ ಒಂದು ಬದುಕಿನ ಕಥೆ

ಎಕ್ಸೆಲ್ ಒಳ್ಳೆಯದೋ, ಮ್ಯಾಟ್‌ಲ್ಯಾಬ್ ಒಳ್ಳೆಯದೋ? ಸಾಲದ ಕಂತು ಲೆಕ್ಕ ಹಾಕುವವರಿಗೂ ಸೇತುವೆಯ ಭಾರ ಲೆಕ್ಕ ಹಾಕುವವರಿಗೂ ಈ ಪ್ರಶ್ನೆ ಬರುತ್ತದೆ. ಯಾವುದಾದರೇನು, ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆಯೂ ಜೊತೆಗಿರುತ್ತದೆ. ಈ ನಂಬಿಕೆಯನ್ನು ಪರೀಕ್ಷಿಸಲು ನಾವು 200 ವರ್ಷ ಹಿಂದಕ್ಕೆ ಹೋಗೋಣ.

ಚಾರ್ಲ್ಸ್ ಬ್ಯಾಬೇಜ್ ಹುಟ್ಟಿದ್ದು 1791ರಲ್ಲಿ, ಲಂಡನ್‌ನಲ್ಲಿ. ತಂದೆಯದು ಬ್ಯಾಂಕ್ ವ್ಯವಹಾರ. ಓದಿದ್ದು ಕೇಂಬ್ರಿಡ್ಜ್‌ನಲ್ಲಿ. ಆಗಿನ ಕಾಲದ ‘ತಂತ್ರಾಂಶ’ವೆಂದರೆ ಮುದ್ರಿತ ಕೋಷ್ಟಕಗಳ ಪುಸ್ತಕ. ನಾವಿಕರು, ಎಂಜಿನಿಯರುಗಳು, ವಿಮಾ ಕಂಪನಿಗಳು ಎಲ್ಲರೂ ಅದನ್ನೇ ನೆಚ್ಚಿಕೊಂಡಿದ್ದರು. ಅದನ್ನು ತಯಾರಿಸುತ್ತಿದ್ದವರು ಮನುಷ್ಯರು. ‘ಕಂಪ್ಯೂಟರ್’ ಎಂಬುದು ಅವರ ಕೆಲಸದ ಹೆಸರಾಗಿತ್ತು. ಲೆಕ್ಕದಲ್ಲಿ, ನಕಲಿನಲ್ಲಿ, ಅಚ್ಚಿನಲ್ಲಿ ಎಲ್ಲಾದರೂ ತಪ್ಪು ನುಸುಳಬಹುದಿತ್ತು.

1821ರಲ್ಲಿ ಬ್ಯಾಬೇಜ್ ಮತ್ತು ಗೆಳೆಯ ಜಾನ್ ಹರ್ಷಲ್, ಬೇರೆಬೇರೆಯವರು ಮಾಡಿದ್ದ ಖಗೋಳ ಲೆಕ್ಕಗಳನ್ನು ತಾಳೆ ನೋಡಿದರು. ತಪ್ಪುಗಳ ಮೇಲೆ ತಪ್ಪು ಸಿಕ್ಕವು. ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬೇಕು ಎಂಬ ಯೋಚನೆ ಅಲ್ಲಿಂದ ಬೆಳೆಯಿತು.

ಯಂತ್ರದ ಉಪಾಯ ಸರಳ. 1, 4, 9, 16 ಎಂಬ ವರ್ಗಸಂಖ್ಯೆಗಳ ನಡುವಿನ ವ್ಯತ್ಯಾಸ 3, 5, 7. ಆ ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಯಾವಾಗಲೂ 2. ಅಂದರೆ 7ಕ್ಕೆ 2 ಕೂಡಿದರೆ 9, ಅದನ್ನು 16ಕ್ಕೆ ಕೂಡಿದರೆ 25. ಗುಣಾಕಾರವೇ ಬೇಡ, ಹಲ್ಲಿನ ಚಕ್ರಗಳು ಕೂಡುತ್ತಾ ಹೋದರೆ ಸಾಕು.

1823ರಲ್ಲಿ ಬ್ರಿಟಿಷ್ ಸರ್ಕಾರ ಹಣ ಕೊಟ್ಟಿತು. ಈ ನಡುವೆ ಅವರು ಜೀವವಿಮಾ ಸಂಸ್ಥೆಗಳನ್ನು ಹೋಲಿಸುವ ಪುಸ್ತಕವನ್ನೂ (1826), 1ರಿಂದ 1,08,000ದವರೆಗಿನ ಲಾಗರಿದಮ್ ಕೋಷ್ಟಕವನ್ನೂ (1827) ಪ್ರಕಟಿಸಿದರು. 1827ರಲ್ಲೇ ತಂದೆ, ಹೆಂಡತಿ, ಮಗನನ್ನು ಕಳೆದುಕೊಂಡರು. 1833ರಲ್ಲಿ ಯಂತ್ರದ ಕೆಲಸ ನಿಂತಿತು; ಸುಮಾರು 17,000 ಪೌಂಡ್ ವೆಚ್ಚವಾದ ಮೇಲೆ 1842ರಲ್ಲಿ ಸರ್ಕಾರ ಕೈಬಿಟ್ಟಿತು. 1871ರಲ್ಲಿ ತೀರಿಕೊಂಡಾಗ ಅವರ ಯಾವ ಯಂತ್ರವೂ ಪೂರ್ತಿಯಾಗಿರಲಿಲ್ಲ.

ಅಂದಿನ ತಂತ್ರಜ್ಞಾನಕ್ಕೆ ಅದು ಅಸಾಧ್ಯವಾಗಿತ್ತು ಎಂದು ಹಲವರು ಹೇಳುತ್ತಾರೆ. ಆದರೆ ಲಂಡನ್‌ನ ವಿಜ್ಞಾನ ವಸ್ತುಸಂಗ್ರಹಾಲಯ ಬ್ಯಾಬೇಜ್ ಅವರ ಎರಡನೆಯ ನಕ್ಷೆಯಂತೆ, ಅಂದಿನ ಕುಶಲಕರ್ಮಿಗಳಿಗೆ ಸಾಧ್ಯವಿದ್ದಷ್ಟೇ ನಿಖರತೆಯಲ್ಲಿ, 1991ರಲ್ಲಿ ಲೆಕ್ಕದ ಭಾಗವನ್ನು ಕಟ್ಟಿತು. ಅದು ಸರಿಯಾಗಿ ಲೆಕ್ಕ ಮಾಡಿತು. ಅಡ್ಡ ಬಂದದ್ದು ಹಣ, ಯಂತ್ರ ಕಟ್ಟುತ್ತಿದ್ದ ಜೋಸೆಫ್ ಕ್ಲೆಮೆಂಟ್ ಜೊತೆಗಿನ ಜಗಳ ಮತ್ತು ಹೊಸ ನಕ್ಷೆಗಳತ್ತ ಜಿಗಿಯುವ ಬ್ಯಾಬೇಜ್ ಅವರ ಸ್ವಭಾವ. ಅವರಿಂದ ಪ್ರೇರಣೆ ಪಡೆದ ಸ್ವೀಡನ್ನಿನ ಶಾಯ್ಟ್ಸ್ ತಂದೆ-ಮಗ ತಮ್ಮ ಯಂತ್ರ ಕಟ್ಟಿಯೇಬಿಟ್ಟರು. 1864ರ ಇಂಗ್ಲೆಂಡಿನ ಆಯುಷ್ಯ ಕೋಷ್ಟಕಕ್ಕೆ ಅಂಥದೇ ಯಂತ್ರ ಬಳಕೆಯಾಯಿತು.

ಬ್ಯಾಬೇಜ್ ಇನ್ನೊಂದನ್ನೂ ಕಂಡುಕೊಂಡಿದ್ದರು. ಹಲವು ಲಾಗರಿದಮ್ ಕೋಷ್ಟಕಗಳಲ್ಲಿ ಒಂದೇ ತಪ್ಪು ಒಂದೇ ಜಾಗದಲ್ಲಿತ್ತು. ಹಳೆಯದರಿಂದ ನಕಲಾಗಿ ಬಂದಿತ್ತು. ಇಂದೂ ಅಷ್ಟೆ. ಇಲ್ಲದ ದಿನವಾದ 1900ರ ಫೆಬ್ರವರಿ 29 ಎಕ್ಸೆಲ್‌ನಲ್ಲಿದೆ. ಹಿಂದಿನ ಲೋಟಸ್ 1-2-3 ತಂತ್ರಾಂಶದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೆಯೇ ಉಳಿಸಿಕೊಂಡಿದ್ದು ಇದಕ್ಕೆ ಕಾರಣ.

ಹಾಗಾಗಿ ಎರಡು ತಂತ್ರಾಂಶಗಳ ಉತ್ತರ ಹೊಂದಿದ ಮಾತ್ರಕ್ಕೆ ಅದು ಸರಿ ಎನ್ನಲಾಗದು. ಕೈಯಲ್ಲೇ ಮಾಡಬಹುದಾದ ಒಂದು ಚಿಕ್ಕ ಲೆಕ್ಕವನ್ನು ಮೊದಲು ಎರಡಕ್ಕೂ ಕೊಟ್ಟು ನೋಡಿ, ಆಮೇಲೆ ದೊಡ್ಡದನ್ನು ವಹಿಸಿ.