ಹಲ್ ಹೌಸಿನ ಜೇನ್ ಆಡಮ್ಸ್

ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಪರಸ್ಥಳದಲ್ಲಿ ನೆಲಸಿದವರಿಗೆ ಎರಡು ಬಗೆಯ ಚಿಂತೆಗಳು ತಪ್ಪಿದ್ದಲ್ಲ. ಮೊದಲನೆಯದು ಅನ್ನದ ಮತ್ತು ಬಾಡಿಗೆಯ ಚಿಂತೆ. ಅದು ಕಾಲಕ್ರಮದಲ್ಲಿ ಹೇಗೋ ತೀರುತ್ತದೆ. ಎರಡನೆಯದು ಮಕ್ಕಳ ಚಿಂತೆ. ಮಗುವು ಹೊಸ ಊರಿನ ಭಾಷೆಯನ್ನು ತಂದೆತಾಯಿಗಳಿಗಿಂತ ಮೊದಲೇ ಕಲಿಯುತ್ತದೆ. ಬರಬರುತ್ತ ಮನೆಯ ಮಾತು, ತಾಯಿಯ ಉಡುಗೆ, ಅಜ್ಜಿಯ ಹಾಡು ಇವೆಲ್ಲವೂ ಅದಕ್ಕೆ ಗೆಳೆಯರೆದುರಿನಲ್ಲಿ ನಾಚಿಕೆ ತರುವ ಸಂಗತಿಗಳಾಗುತ್ತವೆ. ಹೊರನಾಡಿನ ನಮ್ಮ ಕನ್ನಡ ಸಂಘಗಳ ಹುಟ್ಟಿಗೆ ಈ ಎರಡನೆಯ ಚಿಂತೆಯೂ ಒಂದು ಕಾರಣವೆಂದರೆ ತಪ್ಪಾಗಲಾರದು. ಇದೇ ಚಿಂತೆಯನ್ನು ತನ್ನ ಕುಲದವರಲ್ಲದ, ತನ್ನ ಭಾಷೆಯವರಲ್ಲದ ಜನಗಳಿಗಾಗಿ ತಲೆಯ ಮೇಲೆ ಹೊತ್ತುಕೊಂಡ ಮಹಿಳೆಯೊಬ್ಬರು ಅಮೆರಿಕಾದಲ್ಲಿದ್ದರು. ಅವರೇ ಜೇನ್ ಆಡಮ್ಸ್. ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಅವರ ಜೀವನವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಜೇನ್ 1860ನೆಯ ಇಸವಿ ಸೆಪ್ಟೆಂಬರ್ 6ರಂದು ಇಲಿನಾಯ್ ಸಂಸ್ಥಾನದ ಸೀಡರ್‌ವಿಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಳು. ತಂದೆ ಜಾನ್ ಆಡಮ್ಸರು ಹಿಟ್ಟಿನ ಗಿರಣಿಯ ಒಡೆಯರು, ಸಂಸ್ಥಾನದ ಶಾಸನಸಭೆಯ ಸದಸ್ಯರು, ಅಬ್ರಹಾಂ ಲಿಂಕನ್ನರ ಸ್ನೇಹಿತರು. ಮಗುವಿಗೆ ಎರಡು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡರು. ಎಳವೆಯಲ್ಲಿ ತಗಲಿದ ಕ್ಷಯದಿಂದ ಬೆನ್ನುಮೂಳೆ ಬಾಗಿತು. ಹಣಕ್ಕೆ ಕೊರತೆಯಿಲ್ಲದ ಮನೆ. ಆದರೆ ಮೈಗೆ ಸುಖವಿಲ್ಲ. ರಾಕ್‌ಫರ್ಡಿನ ಹೆಣ್ಣುಮಕ್ಕಳ ವಿದ್ಯಾಲಯದಲ್ಲಿ ಓದು ಮುಗಿಸಿದ ವರ್ಷವೇ, ಎಂದರೆ 1881ರಲ್ಲಿ, ತಂದೆಯೂ ಕಣ್ಮರೆಯಾದರು. ವೈದ್ಯಳಾಗಬೇಕೆಂದು ಫಿಲಡೆಲ್ಫಿಯಾಕ್ಕೆ ಹೋದರೂ ಅನಾರೋಗ್ಯದಿಂದ ಆ ವ್ಯಾಸಂಗ ಅರ್ಧಕ್ಕೆ ನಿಂತಿತು. ಮುಂದೆ ಏಳೆಂಟು ವರ್ಷ ದಾರಿಗಾಣದ ಕಾಲ. ಎರಡು ಸಲ ಯೂರೋಪಿನ ಪ್ರವಾಸವಾಯಿತು. ಚಿತ್ರಶಾಲೆಗಳನ್ನು ಕಂಡದ್ದಾಯಿತು. ಇಷ್ಟೆಲ್ಲ ಕಲಿತದ್ದು ಯಾರ ಉಪಯೋಗಕ್ಕೆ ಎಂಬ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ.

ಉತ್ತರ ಸಿಕ್ಕಿದ್ದು 1888ರಲ್ಲಿ, ಲಂಡನ್ನಿನಲ್ಲಿ. ಅಲ್ಲಿಯ ಪೂರ್ವಭಾಗದ ಬಡವರ ಕೇರಿಯಲ್ಲಿ ಟಾಯ್ನ್‌ಬಿ ಹಾಲ್ ಎಂಬ ಮನೆಯಿತ್ತು. ವಿದ್ಯಾವಂತ ತರುಣರು ಆ ಕೇರಿಯಲ್ಲೇ ವಾಸವಾಗಿ ನೆರೆಯವರಂತೆ ಜನರೊಡನೆ ಬಾಳುತ್ತಿದ್ದರು. ಈ ಮಾದರಿ ಜೇನರ ಮನಸ್ಸಿಗೆ ಹಿಡಿಯಿತು. ಸ್ವದೇಶಕ್ಕೆ ಹಿಂದಿರುಗಿ, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ 1889ರ ಸೆಪ್ಟೆಂಬರ್ 18ರಂದು ಷಿಕಾಗೋ ನಗರದ ಹಾಲ್‌ಸ್ಟೆಡ್ ಬೀದಿಯ ಹಳೆಯ ಮನೆಯೊಂದರಲ್ಲಿ ಬಿಡಾರ ಹೂಡಿದರು. ಚಾರ್ಲ್ಸ್ ಹಲ್ ಎಂಬ ಸಿರಿವಂತರು ಕಟ್ಟಿಸಿದ ಮನೆಯಾದುದರಿಂದ ಅದಕ್ಕೆ ಹಲ್ ಹೌಸ್ ಎಂದೇ ಹೆಸರಾಯಿತು. ಆಗ ಜೇನರ ವಯಸ್ಸು 29.

ಆ ಕಾಲದ ಷಿಕಾಗೋ ನಗರದ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸಿಗೆ ಬಂದಿತ್ತು. ಅವರಲ್ಲಿ ಬಹುಪಾಲು ಜನ ಹೊರದೇಶಗಳಿಂದ ಬಂದವರು ಅಥವಾ ಅಂಥವರ ಮಕ್ಕಳು. ಹಲ್ ಹೌಸಿನ ಸುತ್ತಲೇ ಇಟಲಿಯವರು, ಜರ್ಮನರು, ಬೊಹೀಮಿಯದವರು, ರಷ್ಯ ಮತ್ತು ಪೋಲೆಂಡಿನ ಯಹೂದಿಗಳು, ಐರಿಷರು, ಗ್ರೀಕರು ಇದ್ದರು. ಗಾಳಿಬೆಳಕಿಲ್ಲದ ಬಾಡಿಗೆಯ ಕೋಣೆಗಳಲ್ಲಿ ಸಂಸಾರ. ಬೀದಿಯ ತುಂಬ ಕಸ. ಜೇನರು ಮೊದಲು ಶಿಶುವಿಹಾರವನ್ನು ತೆರೆದರು. ಹೆತ್ತವರು ದುಡಿಯಲು ಹೋದಾಗ ಕೂಸುಗಳನ್ನು ನೋಡಿಕೊಂಡರು. ಸಂಜೆಯ ತರಗತಿಗಳನ್ನು ನಡೆಸಿದರು. 1895ರಲ್ಲಿ ಆ ವಾರ್ಡಿನ ಕಸದ ತಪಾಸಣೆಯ ಅಧಿಕಾರವನ್ನು ತಾವೇ ವಹಿಸಿಕೊಂಡು, ಬೆಳಗಿನ ಜಾವದಲ್ಲೆದ್ದು ಕಸದ ಗಾಡಿಗಳ ಹಿಂದೆ ನಡೆದರು. ಸಿರಿವಂತರ ಮನೆಯ ಮಗಳು ಕಸದ ಗಾಡಿಯ ಹಿಂದೆ ಹೋಗುವುದನ್ನು ಕಂಡು ನೆರೆಯವರೇ ಬೆರಗಾದರು.

ಕಲೆಯ ವಿಷಯದಲ್ಲಿ ಹಲ್ ಹೌಸ್ ನಡೆದ ದಾರಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಆರಂಭದಲ್ಲಿ ಈ ಗೆಳತಿಯರಿಬ್ಬರೂ ತಾವು ಯೂರೋಪಿನಲ್ಲಿ ಕಂಡು ಮೆಚ್ಚಿದ ಮಹಾಚಿತ್ರಗಳ ಪ್ರತಿಗಳನ್ನು ಗೋಡೆಗೆ ತೂಗುಹಾಕಿದರು. 1891ರಲ್ಲಿ ಒಂದು ಚಿತ್ರಶಾಲೆಯನ್ನೇ ಕಟ್ಟಿಸಿದರು. ಇದ್ದವರು ಇಲ್ಲದವರಿಗೆ ಕೊಡುವ ರೀತಿ ಅದು. ನೆರೆಯವರೊಡನೆ ಹತ್ತು ವರ್ಷ ಬಾಳಿದ ಮೇಲೆ ಜೇನರ ದೃಷ್ಟಿ ಬದಲಾಯಿತು. ಬಂದವರು ಬರಿಗೈಯಲ್ಲಿ ಬಂದವರಲ್ಲ, ಅವರ ಕೈಗಳಲ್ಲೇ ಕಲೆಯಿದೆ ಎಂಬುದು ಅವರಿಗೆ ಮನವರಿಕೆಯಾಯಿತು. ಒಂದು ದಿನ ದಾರಿಯಲ್ಲಿ ಇಟಲಿಯ ಮುದುಕಿಯೊಬ್ಬಳು ಮನೆಯ ಮೆಟ್ಟಿಲ ಬಳಿ ಕುಳಿತು, ನಮ್ಮ ತಕಲಿಯಂತಹ ಕಡ್ಡಿಯಲ್ಲಿ ನೂಲು ತೆಗೆಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಆ ಮುದುಕಿಯ ಮಕ್ಕಳು ಮೊಮ್ಮಕ್ಕಳು ಕಾರ್ಖಾನೆಗಳಲ್ಲಿ ಯಂತ್ರಗಳ ಮುಂದೆ ದುಡಿಯುವವರು. ಆ ಯಂತ್ರದ ಮೂಲವು ತಮ್ಮ ಮನೆಯ ಮುದುಕಿಯ ಕೈಯಲ್ಲಿರುವ ಕಡ್ಡಿಯೇ ಎಂಬುದು ಆ ತರುಣರಿಗೆ ತಿಳಿಯದು.

ಇದರಿಂದ ಹುಟ್ಟಿದ್ದೇ 1900ರ ಕೊನೆಯಲ್ಲಿ ತೆರೆದ ಲೇಬರ್ ಮ್ಯೂಸಿಯಂ, ಎಂದರೆ ದುಡಿಮೆಯ ಪ್ರದರ್ಶನಶಾಲೆ. ಅಲ್ಲಿ ಗಾಜಿನ ಪೆಟ್ಟಿಗೆಯ ಒಳಗಿಟ್ಟ ವಸ್ತುಗಳಿಗಿಂತ ಮುಖ್ಯರಾದವರು ಕೆಲಸಗಾರರೇ. ಸಿರಿಯ, ಗ್ರೀಸ್, ಇಟಲಿ, ರಷ್ಯ, ಐರ್ಲೆಂಡ್ ದೇಶಗಳ ಹೆಂಗಸರು ಒಂದೇ ಸಾಲಿನಲ್ಲಿ ಕುಳಿತು ತಂತಮ್ಮ ದೇಶದ ರೀತಿಯಲ್ಲಿ ನೂಲುವರು. ಕಡ್ಡಿಯಿಂದ ರಾಟೆಯವರೆಗೆ ನೂಲುವ ವಿದ್ಯೆ ಬೆಳೆದ ಬಗೆಯನ್ನು ನೋಡುವವರು ಒಂದೇ ನೋಟದಲ್ಲಿ ತಿಳಿಯುವರು. ನೇಯ್ಗೆ, ಮಡಕೆ, ಮರಗೆಲಸ, ಲೋಹದ ಕೆಲಸ, ಪುಸ್ತಕದ ರಟ್ಟು ಕಟ್ಟುವುದು ಇವುಗಳಿಗೂ ಅಲ್ಲಿ ಸ್ಥಾನವಿತ್ತು. ಮಾತಿನಲ್ಲಿ ತೊದಲುತ್ತಿದ್ದ ಹಿರಿಯರು ಇಲ್ಲಿ ಕಲಿಸುವವರಾದರು. ಇಂಗ್ಲಿಷ್ ಬಲ್ಲ ಕಿರಿಯರು ಕಲಿಯುವವರಾದರು.

ಇದರ ಪರಿಣಾಮವನ್ನು ತೋರಿಸುವ ಪ್ರಸಂಗವೊಂದನ್ನು ಜೇನರು 1910ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಟಲಿಯ ಹುಡುಗಿಯೊಬ್ಬಳು ಶನಿವಾರ ಸಂಜೆ ಅಡಿಗೆಯ ತರಗತಿಗೆ ಬರುತ್ತಿದ್ದಳು. ಅವಳ ತಾಯಿಯೂ ಅದೇ ಹೊತ್ತಿಗೆ ನೂಲಲು ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿ, ಹಳ್ಳಿಯ ಲಂಗ ಉಟ್ಟ ತಾಯಿಯ ಜೊತೆಯಲ್ಲಿ ಕಾಣಿಸಿಕೊಳ್ಳಲು ಮಗಳಿಗೆ ನಾಚಿಕೆ. ತಾಯಿ ಒಂದು ಬಾಗಿಲಿನಿಂದ ಬಂದರೆ ಮಗಳು ಇನ್ನೊಂದು ಬಾಗಿಲಿನಿಂದ ಬರುವಳು. ಒಂದು ಸಂಜೆ ಅವಳು ನೋಡುತ್ತಾಳೆ: ವಿಶ್ವವಿದ್ಯಾನಿಲಯದಿಂದ ಬಂದ ವಿದ್ಯಾವಂತರು ತಾಯಿಯನ್ನು ಸುತ್ತುವರಿದು ನಿಂತು, ಅವಳ ಕೈಚಳಕವನ್ನು ಹೊಗಳುತ್ತಿದ್ದಾರೆ. ಮಗಳು ಬಂದು ಇದು ನಿಜವೇ ಎಂದು ಜೇನರನ್ನು ವಿಚಾರಿಸಿದಳು. ತಾಯಿ ಬೆಳೆದ ಬೆಟ್ಟದೂರು ಎಂಥದು, ಅಲ್ಲಿಯ ಹೆಂಗಸರು ಪ್ರಪಾತದ ಅಂಚಿನಿಂದ ನೂಲುವ ಕಡ್ಡಿಯನ್ನು ಇಳಿಬಿಟ್ಟು ನೂತು ನೂತು ಹೇಗೆ ಪಳಗಿದರು, ಅಂತಹ ಬಯಲನ್ನು ಬಿಟ್ಟುಬಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವುದು ಆಕೆಗೆ ಎಷ್ಟು ಕಷ್ಟ ಎಂಬುದನ್ನು ಜೇನರು ಬಿಡಿಸಿ ಹೇಳಿದರು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅಡಗಿದ್ದ ಕೈನೂಲಿನ ಬಟ್ಟೆಗಳು ಆಮೇಲೆ ಹೊರಕ್ಕೆ ಬಂದವು. ಮಗಳು ತಾಯಿ ಬರುವ ಬಾಗಿಲಿನಿಂದಲೇ ಒಳಕ್ಕೆ ಬರತೊಡಗಿದಳು.

ಇದೇ ಬಗೆಯ ಇನ್ನೊಂದು ಸಂಗತಿ ಗ್ರೀಕರದು. ಬೀದಿಯಲ್ಲಿ ಹಣ್ಣು ಮಾರುವ ಗ್ರೀಕರನ್ನು ಊರಿನವರು ಯಾವ ಲೆಕ್ಕಕ್ಕೂ ಇಟ್ಟಿರಲಿಲ್ಲ. 1899ರಲ್ಲಿ ಅವರೇ ವೇಷ ಕಟ್ಟಿ, ಹೋಮರನ ಕಾವ್ಯದಿಂದ ಆಯ್ದ ಒಡಿಸ್ಯೂಸನ ಕಥೆಯನ್ನು ತಮ್ಮ ಪ್ರಾಚೀನ ಭಾಷೆಯಲ್ಲೇ ಹಲ್ ಹೌಸಿನಲ್ಲಿ ಆಡಿ ತೋರಿಸಿದರು. ಕೆಲವು ವರ್ಷಗಳ ಮೇಲೆ ಸೋಫೋಕ್ಲೀಸನ ನಾಟಕವೊಂದನ್ನೂ ಆಡಿದರು. ತಾವು ಎಂತಹ ಪೂರ್ವಿಕರ ಮಕ್ಕಳೆಂಬುದನ್ನು ಪರವೂರಿಗೆ ತಿಳಿಸಲು ಅವರಿಗೆ ಒಂದು ರಂಗ ಸಿಕ್ಕಿತು. ಮುಂದೆ 1920ರ ದಶಕದಲ್ಲಿ ಮೆಕ್ಸಿಕೋ ದೇಶದವರು ಆ ಕೇರಿಯಲ್ಲಿ ನೆಲಸಿದಾಗ ಅವರ ಕುಂಬಾರಿಕೆಗೂ ಹಲ್ ಹೌಸಿನ ಆವಿಗೆ ಆಶ್ರಯವಾಯಿತು.

ತಾಯಂದಿರ ಕಲೆಯನ್ನು ಮೆರೆಸಿದರೆ ಸಾಕು, ಅವರ ಕೂಲಿಯ ಮಾತು ಬೇಡ ಎಂದು ಜೇನರು ತಿಳಿದವರಲ್ಲ. ತಾಯಿ ಎಷ್ಟು ನವುರಾಗಿ ನೂತರೂ ಮಗಳು ಬೆಳಗಾದರೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗಲೇಬೇಕಿತ್ತು. ಆದುದರಿಂದ ಹಲ್ ಹೌಸಿನ ನಿವಾಸಿ ಫ್ಲಾರೆನ್ಸ್ ಕೆಲ್ಲಿ ಮುಂತಾದವರ ದುಡಿಮೆಯಿಂದ 1893ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಕಾರ್ಖಾನೆಯ ಕಾನೂನು ಬಂದಿತು. ಬಾಲಾಪರಾಧಿಗಳಿಗೆಂದೇ ಪ್ರತ್ಯೇಕ ನ್ಯಾಯಾಲಯ 1899ರಲ್ಲಿ ಷಿಕಾಗೋದಲ್ಲಿ ಏರ್ಪಟ್ಟುದರಲ್ಲಿಯೂ ಈ ಮನೆಯವರ ಪಾತ್ರವಿತ್ತು.

ಹಲವು ದೇಶಗಳವರು ಒಂದೇ ಬೀದಿಯಲ್ಲಿ ಕೂಡಿ ಬಾಳುವುದನ್ನು ದಿನವೂ ಕಂಡವರಿಗೆ ದೇಶದೇಶಗಳ ಯುದ್ಧ ಸಹಿಸದಾಯಿತು. 1915ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಕೂಡಿದ ಸ್ತ್ರೀಯರ ಶಾಂತಿಸಮ್ಮೇಳನಕ್ಕೆ ಜೇನರು ಅಧ್ಯಕ್ಷರಾದರು. 1917ರಲ್ಲಿ ಅಮೆರಿಕಾ ಯುದ್ಧಕ್ಕಿಳಿದಾಗಲೂ ಅವರು ಮಾತು ಬದಲಿಸಲಿಲ್ಲ. ನಿನ್ನೆಯವರೆಗೆ ಕೊಂಡಾಡಿದ ಪತ್ರಿಕೆಗಳು ದೇಶದ್ರೋಹಿಯೆಂದು ಜರೆದವು. ಆಕೆ ಅದನ್ನು ನುಂಗಿಕೊಂಡರು. 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವು ನಿಕೊಲಸ್ ಮರೆ ಬಟ್ಲರ್ ಅವರೊಡನೆ ಜಂಟಿಯಾಗಿ ಅವರಿಗೆ ದೊರೆಯಿತು. ಅದನ್ನು ಪಡೆದ ಮೊದಲ ಅಮೆರಿಕನ್ ಮಹಿಳೆ ಅವರೇ. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. ಪಾರಿತೋಷಕವನ್ನು ಸ್ವೀಕರಿಸಲು ನಾರ್ವೆಗೆ ಹೋಗಲಾಗಲಿಲ್ಲ. 1935ರ ಮೇ 21ರಂದು ಷಿಕಾಗೋದಲ್ಲಿ ತೀರಿಕೊಂಡರು. ಹುಟ್ಟಿದ ಸೀಡರ್‌ವಿಲ್ಲಿನಲ್ಲೇ ಅವರ ಸಮಾಧಿಯಾಯಿತು.

ಹಲ್ ಹೌಸ್ ಬೆಳೆದು ಹದಿಮೂರು ಕಟ್ಟಡಗಳ ಸಮೂಹವಾಗಿತ್ತು. 1960ರ ದಶಕದಲ್ಲಿ ವಿಶ್ವವಿದ್ಯಾನಿಲಯಕ್ಕೆ ಜಾಗ ಬೇಕಾಗಿ ಅವುಗಳಲ್ಲಿ ಬಹುಪಾಲು ನೆಲಸಮವಾದವು. ಸುತ್ತಲಿನ ಕೇರಿಗಳ ಜನ ಚದುರಿಹೋದರು. ಮೂಲದ ಮನೆಯೂ ಊಟದ ಶಾಲೆಯೂ ಮಾತ್ರ ಉಳಿದು, ವಸ್ತುಸಂಗ್ರಹಾಲಯವಾಗಿವೆ. ಜೇನರು ಹುಟ್ಟುಹಾಕಿದ ಸೇವಾಸಂಸ್ಥೆಯೂ ಹಣದ ಅಭಾವದಿಂದ 2012ರಲ್ಲಿ ಮುಚ್ಚಿತು. ಕಟ್ಟಡ, ಸಂಸ್ಥೆಗಳು ಶಾಶ್ವತವಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಡ. ತಾಯಿಯ ಬಾಗಿಲಿನಿಂದ ಒಳಬಂದ ಆ ಹುಡುಗಿಗೆ ಆದ ಲಾಭ ಮಾತ್ರ ಯಾರೂ ಕೆಡವಲಾರದಂಥದು.

ಹೊರನಾಡಿನಲ್ಲಿರುವ ನಾವು ಪ್ರತಿ ನವೆಂಬರಿನಲ್ಲಿ ರಂಗವನ್ನು ಕಟ್ಟುತ್ತೇವೆ. ಅತಿಥಿಗಳ ಭಾಷಣ, ಹಾರತುರಾಯಿ, ಮಕ್ಕಳ ನೃತ್ಯ ಎಲ್ಲವೂ ಇರುತ್ತವೆ; ಇರಬೇಕಾದುವೇ. ಆದರೆ ಇಳಕಲ್ ಸೀರೆಗೆ ಕಸೂತಿ ಹಾಕಬಲ್ಲ ಧಾರವಾಡದ ಕಡೆಯ ಅಜ್ಜಿ, ಗೋಡೆಗೆ ಹಸೆ ಬರೆಯಬಲ್ಲ ಮಲೆನಾಡಿನ ತಾಯಿ, ಸೋಬಾನೆ ಹಾಡಬಲ್ಲ ಹಳೆಯ ಮೈಸೂರಿನ ಅತ್ತೆ ಸಭೆಯ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಅವರಿಗೆ ರಂಗದ ನಡುವೆ ಒಂದು ಚಾಪೆ ಹಾಸಿಕೊಡೋಣ. ನೆರೆಯ ಮರಾಠಿ, ತಮಿಳು, ತೆಲುಗು, ಹಿಂದಿ ಮನೆಗಳವರನ್ನೂ ನೋಡಲು ಕರೆಯೋಣ. ಅವರ ಹಿರಿಯರ ಕೈಗೆಲಸವನ್ನು ನಾವೂ ಹೋಗಿ ನೋಡೋಣ. ಮನೆಯ ಅಜ್ಜಿಯನ್ನು ಊರಿನವರು ಗೌರವಿಸುವುದನ್ನು ಕಣ್ಣಾರೆ ಕಂಡ ಮಗುವಿಗೆ ಕನ್ನಡವನ್ನು ಪ್ರೀತಿಸೆಂದು ಬೇರೆಯಾಗಿ ಉಪದೇಶಿಸಬೇಕಾದ ಅಗತ್ಯವಿರಲಾರದು ಎಂಬುದು ನಮ್ಮ ನಂಬಿಕೆ.