ಹಿಂದೂ ಅರಸರ ಮುಸ್ಲಿಂ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ರಾಜ್ಯಕ್ಕೂ ಧರ್ಮಕ್ಕೂ ಇರುವ ಸಂಬಂಧ ಎಂದ ಕೂಡಲೇ ನಮಗೆ ಯುರೋಪಿನ ಉದಾಹರಣೆಗಳು ನೆನಪಾಗುತ್ತವೆ. ಇಂಗ್ಲೆಂಡಿನಲ್ಲಿ ದೊರೆಯೇ ಚರ್ಚಿಗೂ ಮುಖ್ಯಸ್ಥ. ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿ 26 ಬಿಷಪ್‌ಗಳಿಗೆ ಸ್ಥಾನವಿದೆ. ಫ್ರಾನ್ಸ್ 1905ರಲ್ಲಿ ಕಾನೂನು ಮಾಡಿ ಚರ್ಚನ್ನು ಸರ್ಕಾರದಿಂದ ಬೇರ್ಪಡಿಸಿತು. ನಮ್ಮ ಮೈಸೂರು ಸಂಸ್ಥಾನದ ದಾರಿ ಇವೆರಡಕ್ಕಿಂತ ಬೇರೆಯಾಗಿತ್ತು. ಅಲ್ಲಿ ಅರಸರು ನಿಷ್ಠಾವಂತ ಹಿಂದೂ. ಅವರ ಆಡಳಿತವನ್ನು 15 ವರ್ಷ ನಡೆಸಿದ ದಿವಾನರು ಮುಸ್ಲಿಂ. ಆ ದಿವಾನರ ಬಗ್ಗೆ ನಮ್ಮ ಕಾಲೇಜಿನ ಗೆಳೆಯರಿಗೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲೇ. ಅವರ ಅಜ್ಜ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಬಂದು ಇಲ್ಲಿ ನೆಲೆಸಿದ ಕುದುರೆ ವ್ಯಾಪಾರಿ. ಕನ್ನಿಂಗ್‌ಹ್ಯಾಮ್ ರಸ್ತೆಯ ಹತ್ತಿರದ ಅಲಿ ಅಸ್ಕರ್ ರಸ್ತೆಗೆ ಅವರದೇ ಹೆಸರು. ಬಾಲಕ ಮಿರ್ಜಾ, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದು ಪ್ರಸಿದ್ಧರಾದ ಎಳೆಯ ಅರಸರ ಜೊತೆ ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿಯ ಕೈಕೆಳಗೆ ಓದಿದರು. ಆ ಗೆಳೆತನ ಕೊನೆಯವರೆಗೂ ಉಳಿಯಿತು. 1905ರಲ್ಲಿ ಪದವಿ ಮುಗಿಸಿ ಸಂಸ್ಥಾನದ ಸೇವೆಗೆ ಸೇರಿದರು. ಮುಂದೆ ಅರಸರ ಆಪ್ತ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು.

ಅವರು ಮಾಡಿದ ಕೆಲಸಗಳ ಪಟ್ಟಿ ದೊಡ್ಡದು. ಕನ್ನಂಬಾಡಿಯ ಬೃಂದಾವನ, ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ ಅವರ ಕಾಲದವು. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ ಬೆಂಗಳೂರಿಗೆ ಬಂದದ್ದೂ ಆಗಲೇ. ಚಾಮರಾಜಪೇಟೆಯಿಂದ ಕಾರ್ಪೊರೇಷನ್ ಕಡೆಗೆ ಹೋಗುವವರು ದಿನವೂ ನೋಡುವ ಟೌನ್‌ಹಾಲ್ 1935ರದ್ದು. ಆದರೆ ನನಗೆ ಕಟ್ಟಡಗಳಿಗಿಂತ ಹೆಚ್ಚಾಗಿ ಕಾಡಿದ್ದು ಬೇರೊಂದು ವಿಷಯ.

ಆಗಿನ ಮೈಸೂರು ಸರ್ಕಾರದಲ್ಲಿ ಮುಜರಾಯಿ ಎಂಬ ಇಲಾಖೆಯಿತ್ತು. ದೇವಸ್ಥಾನಗಳ ಉಸ್ತುವಾರಿ, ಅರ್ಚಕರ ತಸ್ತೀಕು, ಮಠಗಳಿಗೆ ಕೊಡುವ ಹಣ ಎಲ್ಲವೂ ಅದರ ಪಾಲಿಗಿತ್ತು. ಕೆಲವು ಮಸೀದಿ, ದರ್ಗಾಗಳಿಗೂ ಅಲ್ಲಿಂದಲೇ ಹಣ ಹೋಗುತ್ತಿತ್ತು. ಇಂಥ ಸಂಸ್ಥೆಗಳ ಆಡಳಿತಕ್ಕೆ 1927ರಲ್ಲಿ ಒಂದು ಕಾಯ್ದೆಯೇ ಬಂತು. ಆಗ ದಿವಾನರಾಗಿದ್ದವರು ಮಿರ್ಜಾ. ಇಂದಿನ ಮುಜರಾಯಿ ಆಯುಕ್ತರ ಕಚೇರಿ ನಮ್ಮ ಚಾಮರಾಜಪೇಟೆಯ ಆಲೂರು ವೆಂಕಟರಾವ್ ರಸ್ತೆಯಲ್ಲಿದೆ. ಅದರ ಮುಂದೆ ಹಾದುಹೋಗುವಾಗ, ಆ ಇಲಾಖೆ ಒಂದು ಕಾಲದಲ್ಲಿ ಒಬ್ಬ ಮುಸ್ಲಿಂ ದಿವಾನರ ಸರ್ಕಾರಕ್ಕೆ ಸೇರಿತ್ತು ಎಂಬುದು ನೆನಪಾಗುತ್ತದೆ. 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಹಾಕಿದವರು ನಾಲ್ವಡಿ ಅರಸರು. ಅರಸರು ಹಿಂದೂ, ದಿವಾನರು ಮುಸ್ಲಿಂ, ಕಟ್ಟಡ ಕ್ರೈಸ್ತರದು. ಅಲ್ಲಿ ಸರ್ಕಾರ ಧರ್ಮದಿಂದ ದೂರ ನಿಂತಿರಲಿಲ್ಲ. ಎಲ್ಲ ಧರ್ಮದವರ ಬಾಗಿಲಿಗೂ ಹೋಗಿ ನಿಲ್ಲುತ್ತಿತ್ತು.

ಇಂಥ ವ್ಯವಸ್ಥೆ ನಂಬಿಕೆಯ ಮೇಲೆ ನಿಂತಿರುತ್ತದೆ. 1928ರ ಜುಲೈನಲ್ಲಿ ಆ ನಂಬಿಕೆಗೆ ಪೆಟ್ಟುಬಿತ್ತು. ಬೆಂಗಳೂರು ಪೇಟೆಯ ಸುಲ್ತಾನ್‌ಪೇಟೆಯಲ್ಲಿ ಒಂದು ಸರ್ಕಾರಿ ಶಾಲೆ. ಅದರ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಚಾರವಾಗಿ ವಿವಾದ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಹಿಂದೂ ಮುಸ್ಲಿಮರ ನಡುವೆ ಹೊಡೆದಾಟವಾಯಿತು. ಸರ್ಕಾರಿ ಶಾಲೆಯಲ್ಲಿ ದೇವರ ಗುರುತಿಗೆ ಎಷ್ಟು ಜಾಗ ಎಂಬುದು ಫ್ರಾನ್ಸಿನವರು ಇಂದಿಗೂ ಜಗಳವಾಡುವ ಪ್ರಶ್ನೆ. ಇಲ್ಲಿ ಆ ಪ್ರಶ್ನೆ ಬೇಗನೆ ಇನ್ನೊಂದಾಗಿ ಬದಲಾಯಿತು: ದಿವಾನರು ಯಾರ ಕಡೆ? ಅವರು ಏನು ಮಾಡಿದರೂ ಅವರ ಹೆಸರೇ ಉತ್ತರವೆಂದು ಕೆಲವರು ತೀರ್ಮಾನಿಸಿಬಿಟ್ಟಿದ್ದರು.

ವಿಚಾರಣೆಗೆ ಸರ್ಕಾರ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ಸರ್ ಎಂ. ವಿಶ್ವೇಶ್ವರಯ್ಯ. ದಿವಾನಗಿರಿಯನ್ನು 1918ರಲ್ಲೇ ಬಿಟ್ಟಿದ್ದ ಅವರು ಯಾರ ಮರ್ಜಿಗೂ ಕಾಯುವವರಲ್ಲ. ಸಮಿತಿ ಗಲಭೆಯ ವಿಚಾರಕ್ಕೇ ನಿಲ್ಲದೆ, ಆಡಳಿತ ಜನರಿಗೆ ಹೊಣೆಯಾಗಿರಬೇಕು ಎಂಬ ಮಾತನ್ನೂ ಎತ್ತಿತು. ಆ ಮಾತನ್ನು ಮಿರ್ಜಾ ಸರ್ಕಾರ ಒಪ್ಪಲಿಲ್ಲ. ಟೀಕಿಸಿದ ಪತ್ರಿಕೆಗಳ ಮೇಲೆ ಕ್ರಮವಾಯಿತು. ಹತ್ತು ವರ್ಷದ ಮೇಲೆ, 1938ರ ಏಪ್ರಿಲ್‌ನಲ್ಲಿ, ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿದ್ದೂ ಅವರ ಆಡಳಿತದಲ್ಲೇ. ಎಲ್ಲ ಧರ್ಮದವರನ್ನು ಸಮನಾಗಿ ಕಾಣುವುದು ಒಂದು ಗುಣ, ಜನರ ಮಾತಿಗೆ ತಲೆಬಾಗುವುದು ಇನ್ನೊಂದು. ಮಿರ್ಜಾ ಅವರಲ್ಲಿ ಮೊದಲನೆಯದು ಇದ್ದಷ್ಟು ಎರಡನೆಯದು ಇರಲಿಲ್ಲ ಎಂದು ನನಗನ್ನಿಸುತ್ತದೆ.

1940ರಲ್ಲಿ ನಾಲ್ವಡಿ ಅರಸರು ತೀರಿಕೊಂಡರು. ಮರುವರ್ಷ ಮಿರ್ಜಾ ದಿವಾನಗಿರಿ ಬಿಟ್ಟರು. ಮುಂದೆ ಜೈಪುರದ ಪ್ರಧಾನಿಯಾದರು. ಅಲ್ಲಿನ ಮುಖ್ಯ ರಸ್ತೆ ಇಂದಿಗೂ ಎಂ.ಐ. ರೋಡ್. 1946ರಲ್ಲಿ ಹೈದರಾಬಾದಿನ ನಿಜಾಮರು ಕರೆದರು. ಅದು ಮೈಸೂರಿಗೆ ತಿರುವುಮುರುವು: ಅರಸರು ಮುಸ್ಲಿಂ, ಪ್ರಜೆಗಳಲ್ಲಿ ಹೆಚ್ಚಿನವರು ಹಿಂದೂಗಳು. ಭಾರತದೊಂದಿಗೆ ಹೊಂದಿಕೊಂಡು ಹೋಗಬೇಕೆಂಬುದು ಮಿರ್ಜಾ ಅವರ ನಿಲುವು. ಅವರ ನೇಮಕ ಜಿನ್ನಾ ಅವರಿಗೆ ಬೇಡವಾಗಿತ್ತು, ಅಲ್ಲಿನ ಇತ್ತೆಹಾದ್ ಸಂಘಟನೆ ವಿರೋಧಿಸಿತು. ಒಂದು ವರ್ಷ ತುಂಬುವ ಮೊದಲೇ, 1947ರಲ್ಲಿ ರಾಜೀನಾಮೆ ಕೊಟ್ಟು ಬಂದರು.

ಬೆಂಗಳೂರಿನಲ್ಲಿ ಕೆಲವರಿಗೆ ಅವರು ಅತಿಯಾಗಿ ಮುಸ್ಲಿಂ ಆಗಿ ಕಂಡರು. ಹೈದರಾಬಾದಿನಲ್ಲಿ ಕೆಲವರಿಗೆ ಸಾಕಷ್ಟು ಮುಸ್ಲಿಂ ಆಗಿ ಕಾಣಲಿಲ್ಲ. ಮನುಷ್ಯ ಒಬ್ಬನೇ, ಅಳೆಯುವವರು ಬೇರೆ.

1954ರಲ್ಲಿ ಅವರು ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು, ಹುಟ್ಟಿದ ಊರಾದ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು.

ಗೆಳೆಯರೇ, ನಮ್ಮಲ್ಲಿ ಕೆಲವರು ಕೆಎಎಸ್ ಬರೆಯಬೇಕೆಂದಿದ್ದಾರೆ, ಕೆಲವರು ಪೊಲೀಸ್ ಇಲಾಖೆಗೆ ಹೋಗಬೇಕೆಂದಿದ್ದಾರೆ. ನನಗೂ ಆ ಆಸೆಯಿದೆ. ನಾಳೆ ನಮ್ಮ ಮೇಜಿನ ಮೇಲೆ ಒಂದು ಗುಡಿಯ ಕಡತವೂ ಒಂದು ಮಸೀದಿಯ ಕಡತವೂ ಒಟ್ಟಿಗೆ ಬರಬಹುದು. ನಾವು ಯಾರ ಕಡೆ ಎಂದು ಕೇಳುವವರು ಆಗಲೂ ಇರುತ್ತಾರೆ. ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. ಎರಡು ಕಡತಕ್ಕೂ ಒಂದೇ ನಿಯಮ ಹಚ್ಚಿ ಸಹಿ ಹಾಕಬೇಕು, ಹಾಕಿದ ಸಹಿಗೆ ಜನರ ಮುಂದೆ ಲೆಕ್ಕವನ್ನೂ ಕೊಡಬೇಕು. ಇದರಲ್ಲಿ ಮೊದಲ ಪಾಠ ಮಿರ್ಜಾ ಅವರು ಮಾಡಿದ ಕೆಲಸದಿಂದ ಸಿಗುತ್ತದೆ, ಎರಡನೆಯದು ಅವರು ಮಾಡದೆ ಬಿಟ್ಟದ್ದರಿಂದ.